ಮಾಡವೋ ಮಾಡಿಯೋ

ಮದುವೆಯಾಗಿ ಎರಡು ವರ್ಷವಾಗಿದ್ದರೂ ಹೆಂಡತಿ ಚಂಪಾಳ ಎದುರು ಒಂದು ವಾದವನ್ನೂ ನಾನು ಗೆದ್ದಿರಲಿಲ್ಲ. ಕೊಲ್ಲಾಪುರದ ಕಾಲೇಜಿನ ಚರ್ಚಾಕೂಟದಲ್ಲಿ ದೇವರಿದ್ದಾನೆಂದು ಒಮ್ಮೆ, ಇಲ್ಲವೆಂದು ಒಮ್ಮೆ ಸಾಧಿಸಿ ಎರಡು ಸಲವೂ ಬಹುಮಾನ ಹೊಡೆದವನಿಗೆ ಇದು ಸಣ್ಣ ಅವಮಾನವಲ್ಲ. ಆದ್ದರಿಂದ ಗಡಹಿಂಗ್ಲಜದ ನಮ್ಮ ಮನೆಯ ದುರಸ್ತಿಗೆಂದು ಕೂಡಿಟ್ಟ ನೂರು ರೂಪಾಯಿಯನ್ನು ಹಂಚುವ ದಿನ ನಾನು ತಯಾರಾಗಿಯೇ ಕುಳಿತೆ.

ನನಗೆ ಪಡಸಾಲೆಯಲ್ಲೊಂದು ಗೋಡೆ ಹಾಕಿಸಿ ಓದುವ ಕೋಣೆ ಮಾಡಿಕೊಳ್ಳುವ ಆಸೆ. ಚಂಪಾ ಕೇಳಿದ್ದು ಒಂದೇ: “ಅಡಗೀಮನಿಗೆ ಒಂದ ಮಾಡ ಮಾಡಿಸಿ ಕೊಡ್ರಿ.”

ಎಂಟನೆಯ ವಯಸ್ಸಿನಿಂದ ಕೊಲ್ಲಾಪುರದ ಬೋರ್ಡಿಂಗಿನಲ್ಲಿ ಮರಾಠಿ ಉಂಡು ಬೆಳೆದ ನನ್ನ ಕಿವಿಗೆ ಅದು ‘ಮಾಡಿ’ ಎಂದು ಬಿತ್ತು. ಮರಾಠಿಯಲ್ಲಿ ಮಾಡಿ ಎಂದರೆ ಮೇಲಂತಸ್ತು. ಇಚಲಕರಂಜಿಯಿಂದ ಬಂದ ಗಾರೆಕೆಲಸದ ಗೌಂಡಿಯನ್ನು, ಅಡಿಗೆಮನೆಯ ಮೇಲೊಂದು ಮಾಡಿ ಕಟ್ಟಲು ಎಷ್ಟಾದೀತೆಂದು ಕೇಳಿದೆ. ಅವನು ಸೂರನ್ನು ನೋಡಿ, ನನ್ನ ಅಂಗಿಯನ್ನು ನೋಡಿ, “ತೀನಶೇ ರುಪಯೇ” ಎಂದ.

ಮುನ್ನೂರು. ಇಂಥ ಅವಕಾಶ ಮತ್ತೆ ಬಾರದು. ಒಳಗೆ ಹೋದವನೇ ಅರ್ಧ ತಾಸು ಮಾತಾಡಿದೆ. ಎತ್ತರಕ್ಕೆ ಕಟ್ಟಿದವರೆಲ್ಲ ನೆಲ ಕಂಡದ್ದನ್ನು ಬಾಬಿಲೋನಿನಿಂದ ವಿಜಾಪುರದವರೆಗೆ ವಿವರಿಸಿದೆ. ಚಂಪಾ ಒಲೆ ಸಾರಿಸುತ್ತಲೇ ಕೇಳಿಸಿಕೊಂಡಳು.

“ಅಷ್ಟ ಮಾತ್ಯಾಕರೀ? ಆಗೂದಿಲ್ಲ ಅಂದ್ರ ಆಗೂದಿಲ್ಲ ಅನ್ರಿ,” ಎಂದಳು. ದನಿ ಒದ್ದೆಯಾಗಿತ್ತು. “ಶಿರೋಳದಾಗ ನಮ್ಮವ್ವನ ಅಡಗೀಮನ್ಯಾಗ ನಾಕ ಅದಾವ. ನಾ ಕೇಳಿದ್ದು ಒಂದ.”

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಸಂಶಯ ಹುಟ್ಟಿತು. ಮಾವನ ಮನೆ ನಾನು ನೋಡಿದ್ದೇ. ನೆಲ ಬಿಟ್ಟು ಮೇಲೆದ್ದದ್ದಲ್ಲ.

“ನಾಕ? ಎಲ್ಲಿ ಅದಾವ?”

“ಗ್ವಾಡ್ಯಾಗ. ಎಣ್ಣಿ ಗಡಿಗಿ, ಉಪ್ಪಿನ ಮರಗಿ ಮತ್ತೆಲ್ಲಿ ಇಡತಾರ? ಇಲ್ಲಿ ಎಲ್ಲಾ ನೆಲದ ಮ್ಯಾಲ. ಬಗ್ಗಿ ಬಗ್ಗಿ ನನ್ನ ನಡಾ ಹೋತು.”

ಗೋಡೆಯಲ್ಲಿ ಕೊರೆದ ಗೂಡು. ಅವಳ ಊರಲ್ಲಿ ಅದೇ ಮಾಡ. ನಾನು ಹೊರಗೆ ಬಂದು, ಬೇಕಾದದ್ದು ಮಾಡಿಯಲ್ಲ, ಗೂಡು ಎಂಬುದನ್ನು ಮರಾಠಿಯಲ್ಲಿ ‘ಕೋನಾಡಾ’ ಎಂದೆ. ಗೌಂಡಿ ಕರಣೆ ಕೆಳಗಿಟ್ಟು ಕೂತು ನಕ್ಕ: “ತ್ಯಾಲಾ ತೀನ ರುಪಯೇ, ಮಾಸ್ತರ.” ಮುನ್ನೂರು ಮೂರಕ್ಕಿಳಿದಿತ್ತು.

ಬಾಗಿಲ ಹಿಂದೆ ಚಂಪಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಒಂದಕ್ಕ ಅರ್ಧ ತಾಸಿನ ಭಾಷಣ ಆತು. ಅದರಾಗ ನಾಕೂ ಮಾಡಿಸಿ ಬಿಡೂಣ್ರಿ,” ಎಂದಳು. ನಾಲ್ಕನ್ನೂ ಚರ್ಚೆಯಿಲ್ಲದೆ ಒಪ್ಪಿಕೊಂಡೆ.

ಈಗ ವಾದಕ್ಕಿಳಿಯುವ ಮುನ್ನ ಅವಳ ಶಬ್ದದ ಅರ್ಥವನ್ನು ಅವಳನ್ನೇ ಕೇಳುತ್ತೇನೆ. ಕೇಳಿದ ಮೇಲೆ ವಾದಿಸಲು ಸಾಮಾನ್ಯವಾಗಿ ಏನೂ ಉಳಿದಿರುವುದಿಲ್ಲ. ಸಂಸಾರದಲ್ಲಿ ನನಗಾದ ನಷ್ಟ ಅದೊಂದೇ.