ಕೋವಿ ಪಾಲು

ಪುಟ್ಟಿ, ಚಿನ್ನು, ಹೋದ ರಜೆಯಲ್ಲಿ ಬಂದಾಗ ನೀವಿಬ್ಬರೂ ನಡುಮನೆಯ ಗೋಡೆ ನೋಡಿ, "ಅಜ್ಜಿ, ತಾತನ ಕೋವಿ ಎಲ್ಲೋಯ್ತು?" ಎಂದು ಕೇಳಿದಿರಿ. ಮನೆ ತುಂಬ ನೆಂಟರಿದ್ದರು. ನಾಲ್ಕು ಜನರೆದುರು ಬಾಯಿ ತೆರೆಯುವುದೆಂದರೆ ನನಗೆ ಇವತ್ತಿಗೂ ಮೈ ಬೆವರುತ್ತದೆ. ಅಡುಗೆಮನೆಗೆ ಹೋಗಿಬಿಟ್ಟೆ. ಭೇರ್ಯದ ಕಡೆಯ ನಮ್ಮ ತವರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ. ಹೇಳಲಾಗದ್ದನ್ನು ಬರೆಯಬಲ್ಲೆ.

ತವರಿನಲ್ಲಿ ನಾಲೆಯ ನೀರು, ಭತ್ತದ ಗದ್ದೆ. ನಾನು ಕೋವಿಯನ್ನು ಹತ್ತಿರದಿಂದ ಕಂಡದ್ದು ಹುಣಸೂರಿನಾಚೆ, ಎಚ್.ಡಿ. ಕೋಟೆ ಕಡೆಯ ಈ ಕಾಡಂಚಿನ ಊರಿಗೆ ಮದುವೆಯಾಗಿ ಬಂದ ಮೇಲೆ. ನಿಮ್ಮ ತಾತನದು ಒಂಟಿ ನಳಿಗೆಯ ಕೋವಿ, ಬೆಳೆ ಕಾಯಲೆಂದು ಕೊಟ್ಟ ಲೈಸೆನ್ಸು. ಮುಸುಕಿನ ಜೋಳ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಗಳು ಹಿಂಡುಗಟ್ಟಿ ಬರುತ್ತಿದ್ದವು. ತಾತ ಅಟ್ಟಣೆಯ ಮೇಲಿಂದ ಆಕಾಶಕ್ಕೊಂದು ಗುಂಡು ಹಾರಿಸಿದರೆ ಆ ವಾರ ಹೊಲದ ಕಡೆ ಸುಳಿಯುತ್ತಿರಲಿಲ್ಲ. ವಯಸ್ಸಿನಲ್ಲಿ ಅವರು ಶಿಕಾರಿಗೂ ಹೋದವರೇ. ಸುತ್ತಮುತ್ತಲಿನವರು ಕೇಸು, ಕೋರ್ಟು ಎಂದು ಅಲೆಯುವುದನ್ನು ಕಂಡ ಮೇಲೆ ಬಿಟ್ಟರು.

ಅವರ ಜೊತೆ ಶಿಕಾರಿಗೆ ಹೋಗಿ ಅದನ್ನು ಬಿಡಲಾಗದೆ ಉಳಿದವನು ಅವರ ತಮ್ಮ, ನಿಮ್ಮ ಚಿಕ್ಕಜ್ಜ. ಎಷ್ಟು ಸಲ ಅರ್ಜಿ ಹಾಕಿದರೂ ಅವನಿಗೆ ಲೈಸೆನ್ಸು ಸಿಗಲಿಲ್ಲ. ಅಣ್ಣನ ಕೋವಿಯನ್ನು ಒರೆಸಿ, ಎಣ್ಣೆ ಹಾಕಿ, ಬಟ್ಟೆ ಸುತ್ತಿಡುವುದು ಅವನದೇ ಕೆಲಸವಾಗಿತ್ತು.

ತಾತ ತೀರಿಕೊಂಡಾಗ ಮೊದಲು ಎದ್ದ ಮಾತೇ ಕೋವಿಯದು. ಲೈಸೆನ್ಸು ಇದ್ದವರು ಹೋದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ನಿಮ್ಮಪ್ಪ ಕಾರ್ಯದ ಓಡಾಟದಲ್ಲಿದ್ದ. ಚಿಕ್ಕಜ್ಜನೇ ಬಂದು, "ನೀವು ತಲೆ ಕೆಡಿಸ್ಕಬೇಡಿ ಅತ್ಗೆ, ನಾನು ಕೊಟ್ಟು ಬತ್ತೀನಿ" ಎಂದ. ಕೊಟ್ಟೆ. ಸಂಜೆ ಬಂದು, ಒಪ್ಪಿಸಿದೆ, ರಸೀತಿ ಆಮೇಲೆ ಕೊಡುತ್ತಾರಂತೆ ಎಂದ. ನಿಮ್ಮಪ್ಪ ಪಿರಿಯಾಪಟ್ಟಣದ ತನ್ನ ಟ್ರ್ಯಾಕ್ಟರ್ ರಿಪೇರಿ ಅಂಗಡಿಗೆ ಹಿಂತಿರುಗುವ ಮುಂಚೆ, ಕೋವಿ ಠಾಣೆಯಲ್ಲಿದೆ ಎಂದು ಬರೆದು ಅರ್ಜಿ ಹಾಕಿಯೇ ಹೋದ.

ಅಷ್ಟರಲ್ಲಿ ಚುನಾವಣೆ ಬಂತು. ಓಟು ಮುಗಿಯುವವರೆಗೆ ಎಲ್ಲರೂ ಕೋವಿ ತಂದೊಪ್ಪಿಸಬೇಕೆಂದು ಠಾಣೆಯಿಂದ ಹೇಳಿಕಳಿಸಿದರು. ಕೋವಿ ಇದ್ದವರು ಎರಡು ಪಕ್ಷವಾದರು. ಒಂದು ಪಕ್ಷಕ್ಕೆ ಮೇಲಿನ ಮನೆ ಯಜಮಾನರು, ತಾತನ ಗೆಳೆಯರು. ಮೊದಲು ಒಪ್ಪಿಸೋಣ, ಆಮೇಲೆ ಕಾಡಂಚಿನ ರೈತರಿಗಷ್ಟೇ ವಿನಾಯಿತಿ ಕೇಳೋಣ, ಶಿಕಾರಿ ಮಾಡುವವರ ಲೈಸೆನ್ಸು ಹೋದರೂ ಹೋಗಲಿ ಎಂಬುದು ಅವರ ವಾದ. ಯಾರೂ ಕೊಡಕೂಡದು ಎಂಬ ಇನ್ನೊಂದು ಪಕ್ಷದಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಚಿಕ್ಕಜ್ಜ. ನೆಂಟರ ಮನೆಗಳಲ್ಲೂ ಈ ಜಗಳ ಹೊಕ್ಕಿತ್ತು. ಕಟ್ಟೆಮಳಲವಾಡಿಯ ಒಂದು ಮದುವೆಯಲ್ಲಿ ಊಟದ ಪಂಕ್ತಿಯಿಂದಲೇ ಇಬ್ಬರು ಎದ್ದುಹೋದರು.

ಕೋವಿ ಒಪ್ಪಿಸಲು ಕಡೆಯ ದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಚಿಕ್ಕಜ್ಜನ ಹೆಂಡತಿ, ನನ್ನ ವಾರಗಿತ್ತಿ, ಸೆರಗಿನೊಳಗೆ ಒಂದು ಸ್ಟೀಲ್ ಡಬ್ಬಿ ಮುಚ್ಚಿಕೊಂಡು ಬಂದಳು. ತೆರೆದರೆ ತೇಗದ ಎಲೆಯಲ್ಲಿ ಸುತ್ತಿದ ಹಸಿ ಮಾಂಸ.

"ಏನೇ ಇದು?"

"ಹಂದಿದು ಕಣಕ್ಕ. ಕೋವಿ ಪಾಲು. ಮೊದ್ಲು ಅತ್ಗೆ ಮನೆಗೆ ಕೊಟ್ಟು ಬಾ, ಆಮೇಲೆ ನಮ್ಮ ಒಲೆ ಹಚ್ಚು ಅಂದ್ರು."

ಕೋವಿ ಪಾಲು ಎಂದರೆ ನಿಮಗೆ ತಿಳಿಯದು. ಶಿಕಾರಿಯ ಮಾಂಸ ಹಂಚುವಾಗ ಹೋದ ಆಳಿಗೊಂದು ಪಾಲು, ನಾಯಿಗೊಂದು ಪಾಲು, ಗುಂಡು ಹೊಡೆದ ಕೋವಿಗೊಂದು ಪಾಲು. ಕೋವಿಯ ಪಾಲು ಆ ಕೋವಿಯ ಮನೆಗೇ ಹೋಗಬೇಕು, ಒಡೆಯ ಶಿಕಾರಿಗೆ ಬಂದಿರಲಿ ಬಿಡಲಿ. ತಪ್ಪಿಸಿದರೆ ಕೋವಿಯ ಗುರಿ ಕೆಡುತ್ತದೆ ಎಂದು ನಂಬಿಕೆ. ಕೋವಿ ಠಾಣೆಗೆ ಕೊಟ್ಟೆನೆಂದು ನನಗೂ, ನಿಮ್ಮಪ್ಪನಿಗೂ, ಊರಿಗೂ ಸುಳ್ಳು ಹೇಳಿದವನು ಕೋವಿಗೆ ಮಾತ್ರ ಮೋಸ ಮಾಡಲು ಹೆದರಿದ್ದ. ಆ ಪಾಲು ನನ್ನ ಮುಂದೆ ಏನು ಹೇಳುತ್ತದೆ ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ಪಾಪ, ನನಗೆ ಎಲ್ಲ ಗೊತ್ತಿದೆ ಎಂದೇ ವಾರಗಿತ್ತಿ ತಿಳಿದಿದ್ದಳು.

"ಕೊಬ್ಬು ಚೆನ್ನಾಗದೆ ಕಣಕ್ಕ" ಎಂದು ಹೇಳಿ ಹೋದಳು.

ನಿಮ್ಮಪ್ಪನಿಗೆ ಫೋನು ಮಾಡಲು ಎರಡು ಸಲ ಮೊಬೈಲು ಎತ್ತಿಕೊಂಡೆ. ಅವನ ಕೋಪ ನಿಮಗೆ ಗೊತ್ತಲ್ಲ, ಗಾಡಿ ಹತ್ತಿ ಬಂದರೆ ಚಿಕ್ಕಪ್ಪನ ಮೇಲೆ ಕೈಮಾಡಿಯೇ ಬಿಡುತ್ತಾನೆ. ಮಾಡಲಿಲ್ಲ. ಸಂಜೆಯೊಳಗೆ ಕೋವಿ ಠಾಣೆ ಸೇರದಿದ್ದರೆ ಅವರು ಲೆಕ್ಕ ತೆಗೆಯುತ್ತಾರೆ. ಸತ್ತವರ ಹೆಸರಿನ ಕೋವಿ, ಹಂದಿ ಹೊಡೆದ ಕೋವಿ. ಅದು ಠಾಣೆಯಲ್ಲಿದೆ ಎಂದು ಸಹಿ ಹಾಕಿದವನು ನನ್ನ ಮಗ. ಕೈಗೆ ಕೋಳ ಬಿದ್ದರೆ ಅವನ ಕೈಗೆ.

ಮಧ್ಯಾಹ್ನ ನಮ್ಮ ಮನೆಯೆದುರಿನ ಮಾರಿಗುಡಿ ಕಟ್ಟೆಯಲ್ಲಿ ಎರಡೂ ಪಕ್ಷದವರು ಸೇರಿದರು. ಠಾಣೆಗೆ ಹೋಗಲು ಯಜಮಾನರ ಜೀಪು ನಿಂತಿತ್ತು. ಒಳಗೆ ಕೋವಿಗಳನ್ನು ಗೋಣಿಯಲ್ಲಿ ಸುತ್ತಿ ಮಲಗಿಸಿದ್ದರು. ನಾನು ಕಿಟಕಿಯ ಹಿಂದೆ ನಿಂತಿದ್ದೆ.

"ಬೆಳೆ ನಿಂತದೆ ಕಣ್ರೀ ಹೊಲದಲ್ಲಿ!" ಚಿಕ್ಕಜ್ಜನ ಗಂಟಲು. "ಓಟು ಮುಗಿಯೋಗಂಟ ಹಂದಿ ಉಪಾಸ ಇರ್ತವಾ?"

"ಅವುಕ್ಕೂ ನೀತಿ ಸಂಹಿತೆ ಓದಿ ಹೇಳ್ಲಾ" ಎಂದು ಯಾರೋ ನಗಿಸಿದರು.

"ನಗ್ರೀ, ನಗ್ರೀ. ಬಸ್ಸು ಹತ್ತುದ್ರೆ ಕೊಡಗು. ಅಲ್ಲಿ ಎಷ್ಟೋ ಜನಕ್ಕೆ ಲೈಸೆನ್ಸೇ ಬ್ಯಾಡ. ನಾವೇನು ಪಾಪ ಮಾಡಿದ್ದು?"

ಕಾಡಿಗೆ ದೂರದ ರಾವಂದೂರಿನಿಂದ ಬಂದಿದ್ದ ಒಬ್ಬರು ಯಜಮಾನರ ಕಡೆ ತಿರುಗಿದರು. "ಕಾಡಂಚಿನೋರ್ಗೆ ಮಾತ್ರ ವಿನಾಯ್ತಿ ಅಂದ್ರೆ ನಮ್ ಕೋವಿನೇನು ಮೊಸರು ಕಡಿಯಕ್ಕೆ ಮಡಗಿದ್ದೀವಾ?"

"ಶಿಕಾರಿ ಮಾಡೋರ ದೆಸೆಯಿಂದ ಎಲ್ಲಾರ ಲೈಸೆನ್ಸೂ ಹೋಯ್ತದೆ, ಅದುನ್ನ ಹೇಳ್ತಿರೋದು ನಾನು" ಎಂದ ಯಜಮಾನರು ಚಿಕ್ಕಜ್ಜನಿಗೆ ಬೆರಳು ತೋರಿದರು. "ಕೋವಿನೇ ಇಲ್ದೋನು ನೀನ್ಯಾಕ್ಲಾ ಗಂಟ್ಲು ಅರ್ಕೋತೀಯ?"

"ನಮ್ಮಣ್ಣನ ಕೋವಿ ಅದೆ. ಇವತ್ತಲ್ಲ ನಾಳೆ ನಂಗೇ ಬರಬೇಕಾದ್ದು. ಸ್ಪ್ಯಾನರ್ ಹಿಡಿಯೋನಿಗೆ ಕೋವಿ ಯಾಕೆ?"

ಸ್ಪ್ಯಾನರ್ ಹಿಡಿಯುವವನು ನನ್ನ ಮಗ. ಆ ಮಾತು ಕೇಳಿದ ಮೇಲೆ ನಾನು ಡಬ್ಬಿ ಎತ್ತಿಕೊಂಡು ಹೊರಗೆ ಬಂದುಬಿಟ್ಟೆ. ಅಂಗಳ ದಾಟಿ ಕಟ್ಟೆಯ ಬಳಿ ಹೋದೆ. ಅಷ್ಟು ಗಂಡಸರು ನನ್ನನ್ನೇ ನೋಡುತ್ತಿದ್ದರು. ಡಬ್ಬಿಯನ್ನು ಚಿಕ್ಕಜ್ಜನ ಪಕ್ಕ ಕಟ್ಟೆಯ ಮೇಲಿಟ್ಟೆ.

"ತಕೊಳಪ್ಪ, ಕೋವಿ ಪಾಲು. ನಮ್ಮನೇಲಿ ಕೋವಿ ಇಲ್ಲ. ಕೋವಿ ಇಲ್ದ ಮನೆಗೆ ಪಾಲು ಸಲ್ಲದು."

ಕೋವಿ ಪಾಲನ್ನು ಹಿಂತಿರುಗಿಸಿದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಕ್ಕಿಲ್ಲ. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಚಿಕ್ಕಜ್ಜ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದ.

"ಒಳಕ್ಕೋಗಿ ಅತ್ಗೆ."

"ಹೋಯ್ತೀನಿ. ಕೋವಿ ತಂದುಕೊಡು."

"ಸಿಕ್ಕೊಂಡ ನೋಡ್ರಪ್ಪಾ ಕಳ್ಳ!" ಎಂದು ಯಜಮಾನರು ತೊಡೆ ತಟ್ಟಿದರು. ನನಗೆ ಅದೂ ಹಿಡಿಸಲಿಲ್ಲ. ಚಿಕ್ಕಜ್ಜ ಅವರತ್ತ ನುಗ್ಗಿದ, ಇಬ್ಬರು ಹಿಡಿದುಕೊಂಡರು. ಅಂಗಿ ಹರಿಯಿತು. ಜೀಪಿನ ಹತ್ತಿರ ನಿಂತಿದ್ದ ಒಬ್ಬ ಗೋಣಿಯ ಮೇಲೆ ಕೈಯಿಟ್ಟ. ನಾನು ಅಲ್ಲಾಡಲಿಲ್ಲ.

ಕಡೆಗೆ ಚಿಕ್ಕಜ್ಜ ಯಾರ ಮುಖವನ್ನೂ ನೋಡದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕಡೆ ಹೋದ. ತಾತನ ಹಳೆಯ ಪಂಚೆಯಲ್ಲಿ ಸುತ್ತಿದ ಕೋವಿ ತಂದು ನನ್ನ ಕೈಗಿಟ್ಟ. "ಅಣ್ಣ ಇದ್ದಿದ್ರೆ ನಂಗೇ ಕೊಡೋನು" ಎಂದ. ಅವನ ಕಣ್ಣು ತುಂಬಿತ್ತು. ಕೊಡುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ.

ಆ ಕೋವಿಯನ್ನು ಮತ್ತೆ ಯಾರ ಕೈಗೂ ಕೊಡಲಿಲ್ಲ. ಮಡಿಲ ಮೇಲಿಟ್ಟುಕೊಂಡು ಜೀಪಿನಲ್ಲಿ ಕೂತೆ. ದಾರಿಯುದ್ದಕ್ಕೂ ಯಜಮಾನರು, "ಎಲ್ಲಾನೂ ಹೇಳ್ಬುಡು ತಾಯಿ, ಹಂದಿ ವಿಷ್ಯಾನೂ ಬುಡಬ್ಯಾಡ. ಈ ಶಿಕಾರಿ ಗುಂಪಿಗೆ ಒಂದು ಗತಿ ಕಾಣಿಸ್ತೀನಿ" ಎನ್ನುತ್ತಲೇ ಇದ್ದರು.

ಠಾಣೆಯಲ್ಲಿ ಸಾಹೇಬರು ಕೇಳಿದರು, "ಇಷ್ಟು ದಿನ ಎಲ್ಲಿತ್ತಮ್ಮ ಇದು?"

"ನಮ್ಮ ಮೈದುನನ ಮನೇಲಿ ಸ್ವಾಮಿ. ಇಲ್ಲಿಗೆ ಕೊಟ್ಟಿದ್ದಾನೆ ಅಂತ ನಾವು ನಂಬಿದ್ವಿ. ನನ್ನ ಮಗ ಅದನ್ನೇ ಬರೆದ."

ಯಜಮಾನರು ಹಿಂದಿನಿಂದ ಕೆಮ್ಮಿದರು. ಸಾಹೇಬರು ಹಂದಿಯ ಬಗ್ಗೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಚೆನ್ನಾಗಿ ಬೈದರು, ಬೈಸಿಕೊಂಡೆ. ಹೇಳಿಕೆ ಬರೆಸಿಕೊಂಡು ರಸೀತಿ ಕೊಟ್ಟರು. ನಿಮ್ಮಪ್ಪನ ಅರ್ಜಿ ತಿರುಗಿ ಬಂತು, ನಿಜ ಬರೆದು ಹೊಸದಾಗಿ ಹಾಕಿದ. ಅವನ ಮೇಲೆ ಕೇಸಾಗಲಿಲ್ಲ, ಚಿಕ್ಕಜ್ಜನನ್ನೂ ಕರೆಸಿ ಬೈದು ಬಿಟ್ಟರು. ಲೈಸೆನ್ಸೂ ಇನ್ನೂ ಆಗಿಲ್ಲ.

ನಾನು ಹಂದಿಯ ವಿಷಯ ಮುಚ್ಚಿಟ್ಟೆನೆಂದು ಯಜಮಾನರು ಅಂದಿನಿಂದ ನಮ್ಮ ಜಗುಲಿ ಹತ್ತುವುದಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆನೆಂದು ಚಿಕ್ಕಜ್ಜ ನಂಬಿದ್ದಾನೆ. ವಾರಗಿತ್ತಿ ನೀರಿಗೆ ಬಂದಾಗ ಮುಖ ತಿರುಗಿಸುತ್ತಾಳೆ. ಈ ವರ್ಷ ನಾನು ಅಟ್ಟಣೆಯ ಮೇಲೆ ಆಳಿನ ಕೈಲಿ ಡಬ್ಬ ಬಡಿಸಿ ಜೋಳದ ಹೊಲ ಕಾಯಿಸಿದೆ. ಅರ್ಧದಷ್ಟು ಹಂದಿಗೇ ಹೋಯಿತು.

ಮುಂದೆ ಆ ಕೋವಿಗಾಗಿ ನೀವು ಚಿಕ್ಕಜ್ಜನ ಮೊಮ್ಮಕ್ಕಳ ಜೊತೆ ಕಿತ್ತಾಡುವ ದಿನ ಬರಬಹುದು. ಅವರಿಗೆ ಅವರ ಮನೆಯಲ್ಲಿ ಬೇರೆ ಕತೆ ಹೇಳಿರುತ್ತಾರೆ. ಆವತ್ತು ಬಾಯಿಗೆ ಬಾಯಿ ಕೊಡಬೇಡಿ, ಇದನ್ನು ಅವರಿಗೂ ಓದಲು ಕೊಡಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಪಹಣಿ ಇಡುವ ಟ್ರಂಕಿನಲ್ಲಿ, ಇಲಿ ಕಡಿಯದ ಹಾಗೆ ಪ್ಲಾಸ್ಟಿಕ್ ಕವರು ಸುತ್ತಿ ಜೋಪಾನ ಮಾಡಿ, ಮಕ್ಕಳೇ.