ಎಂಜಿನ್ನಿಗೆ ಬಸಳೆ ಹಸಿರು

ಅರವತ್ತರ ದಶಕದ ಮಾತು. ಬಾಡಿಗೆಗೆ ಓಡುತ್ತಿದ್ದ ನಮ್ಮ ಹಳೆಯ ಕಾರಿನ ಎಂಜಿನ್ನನ್ನು ಮೇಸ್ತ್ರಿ ಸುಳ್ಯದ ನಮ್ಮ ಅಂಗಳದಲ್ಲೇ ಬಿಚ್ಚಿ ತೊಳೆದರು. ಡೈನಮೋದ ಹಿಂದೆ ಮಾತ್ರ ಮೂಲ ಬಣ್ಣ ಉಳಿದಿತ್ತು, ಬಸಳೆ ಎಲೆಯ ಹಸಿರು. ಮತ್ತೆ ಬಳಿಯಲು ಅದೇ ಬಣ್ಣ ತರುತ್ತೇನೆಂದು ಪುತ್ತೂರಿಗೆ ಹೋದ ಗಂಡ ತಂದ ಡಬ್ಬದಲ್ಲಿದ್ದುದು ಕಂದು.

“ಇದೆಂತ ಮಾರಾಯ್ರೆ?” ಮೇಸ್ತ್ರಿ ನಕ್ಕರು.

ಗಂಡ ಡಬ್ಬವನ್ನೂ ಡೈನಮೋದ ಹಿಂದಿನ ಹಸಿರನ್ನೂ ಮತ್ತೆ ಮತ್ತೆ ನೋಡಿ, ನನಗೆ ಮಾತ್ರ ಕೇಳುವಂತೆ, “ಎರಡೂ ಒಂದೇ ಅಲ್ವಾ?” ಎಂದರು.

ಬಳೆ ಅಂಗಡಿಗೆ ಹೋದಾಗಲೆಲ್ಲ “ನೀನೇ ಆರಿಸು” ಎಂದು ಹೊರಗೇ ನಿಲ್ಲುತ್ತಿದ್ದ ಮನುಷ್ಯ. ಅದನ್ನು ತಾತ್ಸಾರವೆಂದುಕೊಂಡು ಎಷ್ಟು ವರ್ಷ ಸಿಟ್ಟು ಮಾಡಿದ್ದೆ, ಮಂಕು ನಾನು!

“ಕಂದು ತನ್ನಿ ಅಂತ ನಾನೇ ಹೇಳಿದ್ದು,” ಎಂದೆ ಮೇಸ್ತ್ರಿಗೆ.

ಮುಂದಿನ ಸಲ ಬಳೆ ಅಂಗಡಿಯಲ್ಲಿ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಒಂದು ಬಳೆ ಅವರ ಕೈಗಿಟ್ಟು ಹೇಳಿದೆ: “ಇದು ಹಸಿರು. ನಮ್ಮ ಎಂಜಿನ್ನಿನ ಮೊದಲಿನ ಬಣ್ಣ.”