ದಂಡ ಕೇಳಿದ ಆರೋಪಿ

ವಕೀಲಳಾಗಿ ನಾನು ಹುನಗುಂದದ ಕೋರ್ಟಿನಲ್ಲಿ ನಡೆಸಿದ ಮೊದಲ ಕ್ರಿಮಿನಲ್ ಕೇಸಿನ ಆರೋಪಿ ನನ್ನ ಸೋದರಮಾವ. ಕುರಿ ಕಾಯುವವನು. ಆರೋಪ, ಟಗರು ಕಳ್ಳತನ.

ಆದದ್ದಿಷ್ಟು. ಗೊಬ್ಬರಕ್ಕೆಂದು ರೈತನೊಬ್ಬ ಹಣ ಕೊಟ್ಟು ರಾತ್ರಿ ತನ್ನ ಹೊಲದಲ್ಲಿ ಮಾವನ ಕುರಿ ನಿಲ್ಲಿಸಿಕೊಂಡಿದ್ದ. ಬೆಳಿಗ್ಗೆ ಹೊರಡುವಾಗ ಆ ರೈತನ ಕರಿ ಟಗರು ಹಿಂಡಿನೊಳಗೆ ಸೇರಿಕೊಂಡಿತ್ತು. ಅದರ ಕಿವಿಯಲ್ಲಿ ತಮ್ಮ ಮನೆತನದ ಕತ್ತರಿ ಗುರುತು ಕಂಡ ಮಾವ ತನ್ನದೇ ಎಂದು ಹೊಡೆದುಕೊಂಡು ನಡೆದ. ಮರಿಯಿದ್ದಾಗಲೇ ಅದನ್ನು ಮಾವನ ಅಣ್ಣ ಅಮೀನಗಡದ ಸಂತೆಯಲ್ಲಿ ಈ ರೈತನಿಗೆ ಮಾರಿದ್ದು ಮಾವನಿಗೆ ಗೊತ್ತಿರಲಿಲ್ಲ. ರೈತ ಪೊಲೀಸರ ಬಳಿ ಹೋದ. ಟಗರು ವಾಪಸಾಯಿತು, ಕೇಸು ಉಳಿಯಿತು. ಕಳ್ಳನೆಂದು ತೀರ್ಪಾದರೆ ಮುಂದೆ ಯಾರೂ ಮಾವನ ಕುರಿಯನ್ನು ಹೊಲಕ್ಕೆ ಕರೆಯುವುದಿಲ್ಲ. ಅವನ ಸಂಸಾರ ನಡೆಯುವುದೇ ಅದರ ಮೇಲೆ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದವಳು ನಾನು. ವಾದ ಹರಿತವಾಗಿ ಸಿದ್ಧವಿತ್ತು. ಅಪ್ರಾಮಾಣಿಕ ಉದ್ದೇಶವಿಲ್ಲದೆ ಕಳ್ಳತನವಿಲ್ಲ, ಆ ಉದ್ದೇಶವನ್ನು ಸಾಬೀತು ಮಾಡುವ ಹೊಣೆ ಸರಕಾರದ್ದು. ಮಾವನಿಗೆ ಕಲಿಸಿದ್ದು ಒಂದೇ ಮಾತು: "ನಾ ಕಳವು ಮಾಡಿಲ್ಲ ಅನ್ನು. ಮುಂದ ಬಾಯಿ ಮುಚ್ಚು."

ಅವನೋ ಹಣೆತುಂಬ ಕುಲದೇವರು ಬೀರಪ್ಪನ ಭಂಡಾರ ಬಳಿದುಕೊಂಡು ಬಂದ. ಅದನ್ನು ಹಚ್ಚಿಕೊಂಡವನು ಏನನ್ನೂ ಮುಚ್ಚಿಡಬಾರದಂತೆ. ಅರಿಶಿನ ಪುಡಿಗೂ ಸತ್ಯಕ್ಕೂ ಏನು ಸಂಬಂಧ ಎಂದು ಕೋರ್ಟಿನ ಮೆಟ್ಟಿಲ ಮೇಲೇ ಜಗಳ ತೆಗೆದೆ.

"ಮತ್ತ ನೀ ಈ ಬಿಸಲಾಗ ಕರೀ ಕೋಟ್ ಯಾಕ ಹಾಕ್ಕೊಂಡೀಯವ್ವಾ?" ಎಂದ.

ನ್ಯಾಯಾಧೀಶರು ಆರೋಪ ಓದಿ, ಒಪ್ಪುತ್ತೀರಾ ಎಂದು ಕೇಳಿದರು. ಮಾವ ಕೈ ಮುಗಿದ. "ಟಗರಾ ಹೊಡಕೊಂಡ ಹೋಗಿದ್ದು ಖರೇನರಿ ಸಾಹೇಬ್ರ. ನಂದ ಅಂತ ತಿಳದಿದ್ದೆ. ದಂಡಾ ಎಷ್ಟ ಹೇಳಿಬಿಡ್ರಿ."

ಕುರಿಹಟ್ಟಿಯಲ್ಲಿ ಹಾಗೆಯೇ. ಬೇರೆಯವರ ಕುರಿ ಕಣ್ತಪ್ಪಿ ಬಂದರೂ ಹಿರಿಯರು ಒಂದು ದಂಡ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಇಲ್ಲಿಯೂ ಅಷ್ಟೇ ಎಂದುಕೊಂಡಿದ್ದ.

ನಾನು ಎದ್ದು ನಿಂತು ಒಂದೇ ಉಸಿರಿಗೆ ಉದ್ದೇಶ, ಹೊಣೆ, ಸಂಶಯದ ಲಾಭ ಎಂದು ಸುರಿಯತೊಡಗಿದೆ.

"ವಕೀಲರೇ, ನಾನಿನ್ನೂ ಏನೂ ಬರೆದಿಲ್ಲ," ಎಂದರು ನ್ಯಾಯಾಧೀಶರು. ಆಮೇಲೆ, ತನ್ನದೆಂದು ತಿಳಿದು ಒಯ್ದೆ ಅಂದದ್ದು ಕಳ್ಳತನ ಒಪ್ಪಿದಂತಲ್ಲ ಎಂದು, ಆರೋಪ ನಿರಾಕರಿಸಿದ್ದಾನೆ ಎಂದೇ ಬರೆಸಿದರು.

ಹಿಂದಿನ ಬೆಂಚಿನಿಂದ ರೈತ ಎದ್ದ. "ಲೇ, ಇದನ್ನ ಅವತ್ತ ಹೇಳಾಕ ಏನಾಗಿತ್ತು?"

"ನೀ ಕೇಳಿದ್ಯೇನಪಾ? ಸೀದಾ ಪೊಲೀಸರನ್ನ ಕರಕೊಂಡ ಬಂದಿ."

ಕೋರ್ಟೆಲ್ಲ ನಕ್ಕಿತು. ಇಂಥ ಕೇಸಿನಲ್ಲಿ ಮಾಲಿಕ ಒಪ್ಪಿದರೆ ರಾಜಿಯಾಗಬಹುದು, ರಾಜಿಯಾದರೆ ಆರೋಪಿ ಖುಲಾಸೆ ಎಂದು ನ್ಯಾಯಾಧೀಶರು ತಿಳಿಸಿದರು. ಮಧ್ಯಾಹ್ನದೊಳಗೆ ಇಬ್ಬರೂ ಸಹಿ ಹಾಕಿದರು. ನನ್ನ ವಾದದ ಮುಕ್ಕಾಲು ಭಾಗ ಹೊಟ್ಟೆಯಲ್ಲೇ ಉಳಿಯಿತು.

ಹೊರಗೆ ಬಂದರೂ ಮಾವನಿಗೆ ಸಮಾಧಾನವಿಲ್ಲ. "ದಂಡಾ ಹೇಳಲೇ ಇಲ್ಲಲಾ?"

"ಅಪರಾಧ ಇಲ್ಲಂದ್ರ ಶಿಕ್ಷೆ ಇಲ್ಲ ಮಾಮಾ. ಕಾಯ್ದೆದ ಬುಡಾನ ಅದು."

"ಅದು ನಿಮ್ಮ ಕಾಯ್ದೆ," ಎಂದು ರೈತನ ಕಡೆ ತಿರುಗಿದ. "ಈ ಸಲ ನಿನ್ನ ಹೊಲದಾಗ ಪುಕ್ಕಟೆ ಕುರಿ ನಿಲ್ಲಸ್ತೇನಿ."

ಇದು ಶಿಕ್ಷೆಯ ತತ್ವಕ್ಕೇ ವಿರುದ್ಧ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ರೈತ ಹೇಳಿಯಾಗಿತ್ತು: "ನಾಳೇನ ಬಾ. ಟಗರಾ ಮನ್ಯಾಗ ಕಟ್ಟಿರ್ತೇನಿ."